ಗಡಿ ದಾಟಿದ ಕಾರು, ಎರಡು ರಾಜ್ಯಗಳ ಸುಂಕ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬುದು ಕನ್ನಡದ ಹಳೆಯ ಗಾದೆ. ಎತ್ತಿನ ಮೇಲೆ ಸರಕು ಹೇರಿಕೊಂಡು ಸೀಮೆಯಿಂದ ಸೀಮೆಗೆ ಹೋಗುತ್ತಿದ್ದ ವ್ಯಾಪಾರಿಗಳ ಅನುಭವ ಅದರಲ್ಲಿ ಅಡಗಿದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ಸುಂಕದ ಕಟ್ಟೆಗಳು ಈಗಿಲ್ಲ. ಆದರೆ ಪಕ್ಕದ ರಾಜ್ಯದಲ್ಲಿ ಕಾರು ಕೊಂಡು ತನ್ನೂರಿಗೆ ತಂದವನು ಆರ್‌ಟಿಒ ಕಚೇರಿಯ ಕಿಟಕಿಯ ಮುಂದೆ ಕೇಳುವ ಪ್ರಶ್ನೆಯಲ್ಲಿ ಅದೇ ಗಾದೆ ಮತ್ತೆ ಜೀವ ಪಡೆಯುತ್ತದೆ: ‘ಅಲ್ಲಿ ತೆರಿಗೆ ಕಟ್ಟಿಯಾಗಿದೆ, ಇಲ್ಲಿಯೂ ಏಕೆ ಕಟ್ಟಬೇಕು?’

ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಸರಳವಲ್ಲ. ಒಂದು ವಸ್ತು ಒಂದು ರಾಜ್ಯದಲ್ಲಿ ತಯಾರಾಗಿ, ಇನ್ನೊಂದರಲ್ಲಿ ಮಾರಾಟವಾಗಿ, ಮತ್ತೊಂದರಲ್ಲಿ ಬಳಕೆಯಾದರೆ ಅದರ ಮೇಲಿನ ತೆರಿಗೆ ಯಾರಿಗೆ ಸೇರಬೇಕು? ಬಟ್ಟೆ, ಪಾತ್ರೆಗಳ ವಿಷಯದಲ್ಲಿ ಇದನ್ನು ಯಾರೂ ಕೆದಕುವುದಿಲ್ಲ. ಬಸ್ಸಿನಲ್ಲಿ ಚೀಲದೊಳಗೆ ಬಂದ ಸೀರೆಯ ಲೆಕ್ಕ ಇಡುವವರಾರು? ಕಾರು ಹಾಗಲ್ಲ. ಅದು ಬೆಲೆ ಬಾಳುವ ವಸ್ತು, ಅದಕ್ಕೊಂದು ಸಂಖ್ಯೆ ಇದೆ, ನೋಂದಣಿಯಾಗದೆ ಅದು ರಸ್ತೆಗೆ ಇಳಿಯುವಂತಿಲ್ಲ. ರಾಜ್ಯಗಳ ನಡುವಿನ ತೆರಿಗೆ ಜಗಳದಲ್ಲಿ ಕಾರು ಮತ್ತೆ ಮತ್ತೆ ಸಿಕ್ಕಿಬಿದ್ದಿರುವುದಕ್ಕೆ ಇದೇ ಕಾರಣ.

ಭಾರತದಲ್ಲಿ ಸಾಮಾನ್ಯ ಮಾರಾಟ ತೆರಿಗೆ ಮೊದಲು ಬಂದದ್ದು 1939ರಲ್ಲಿ, ಮದರಾಸು ಪ್ರಾಂತದಲ್ಲಿ. ಪಾನನಿರೋಧದಿಂದ ಅಬಕಾರಿ ವರಮಾನ ಕಳೆದುಕೊಂಡ ರಾಜಾಜಿ ಸರ್ಕಾರ ಕಂಡುಕೊಂಡ ದಾರಿ ಅದು. ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಮಾರಾಟ ತೆರಿಗೆ ಕಾಯ್ದೆ ಬಂತು. ಸಂವಿಧಾನ ಜಾರಿಯಾಗುವ ಹೊತ್ತಿಗೆ ಈ ತೆರಿಗೆ ರಾಜ್ಯಗಳ ಮುಖ್ಯ ಆದಾಯವಾಗಿ ಬೆಳೆದಿತ್ತು. ಪ್ರತಿ ರಾಜ್ಯವೂ ತನ್ನ ಗಡಿ ಮುಟ್ಟಿದ ಸರಕಿಗೆಲ್ಲ ತೆರಿಗೆ ಹಾಕಿದರೆ ದೇಶ ಒಂದೇ ಮಾರುಕಟ್ಟೆಯಾಗಿ ಉಳಿಯುವುದಿಲ್ಲವೆಂಬ ಆತಂಕದಿಂದ ಸಂವಿಧಾನದ 286ನೇ ವಿಧಿ ಇದಕ್ಕೆ ಕಡಿವಾಣ ಹಾಕಿತು. ದೇಶದುದ್ದಕ್ಕೂ ವ್ಯಾಪಾರ, ಸಂಚಾರ ಮುಕ್ತವಾಗಿರಬೇಕೆಂದು 301ನೇ ವಿಧಿ ಸಾರಿತು.

ಕಡಿವಾಣದ ಅರ್ಥವೇನೆಂಬ ವಾದವನ್ನು ಸುಪ್ರೀಂ ಕೋರ್ಟಿಗೆ ಒಯ್ದವರಲ್ಲಿ ಮೊದಲಿಗರು ಮುಂಬಯಿಯ ಕಾರು ವ್ಯಾಪಾರಿಗಳೇ. ಯುನೈಟೆಡ್ ಮೋಟಾರ್ಸ್ ಪ್ರಕರಣದಲ್ಲಿ 1953ರಲ್ಲಿ ಬಂದ ತೀರ್ಪು, ಸರಕು ಬಳಕೆಗಾಗಿ ಎಲ್ಲಿಗೆ ತಲುಪುತ್ತದೋ ಆ ರಾಜ್ಯ ತೆರಿಗೆ ಹಾಕಬಹುದು ಎಂದಿತು. ತತ್ತ್ವವೇನೋ ನ್ಯಾಯವಾದದ್ದೇ, ಆಚರಣೆಯಲ್ಲಿ ಗೊಂದಲವಾಯಿತು. ತನ್ನ ಊರು ಬಿಟ್ಟು ಕದಲದ ವ್ಯಾಪಾರಿಗೂ ದೂರದ ರಾಜ್ಯಗಳಿಂದ ನೋಟಿಸುಗಳು ಬರತೊಡಗಿದವು. ಎರಡೇ ವರ್ಷಗಳಲ್ಲಿ, 1955ರ ಬೆಂಗಾಲ್ ಇಮ್ಯುನಿಟಿ ಪ್ರಕರಣದಲ್ಲಿ, ನ್ಯಾಯಾಲಯ ತನ್ನ ತೀರ್ಪನ್ನು ತಾನೇ ಬದಲಿಸಿತು. ಅಂತರರಾಜ್ಯ ಮಾರಾಟಕ್ಕೆ ಸಂಸತ್ತು ಕಾನೂನು ಮಾಡುವ ತನಕ ಯಾವ ರಾಜ್ಯವೂ ತೆರಿಗೆ ಹಾಕುವಂತಿಲ್ಲ ಎಂದಿತು. ಆಗ ಸಂವಿಧಾನಕ್ಕೆ ಆರನೆಯ ತಿದ್ದುಪಡಿಯಾಗಿ, 1956ರಲ್ಲಿ ಕೇಂದ್ರ ಮಾರಾಟ ತೆರಿಗೆ ಕಾಯ್ದೆ ಬಂತು.

ಈ ಕಾಯ್ದೆ ಕಂಡುಕೊಂಡ ಉಪಾಯವಿದು: ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದ ಸರಕಿನ ತೆರಿಗೆ ಅದು ಹೊರಟ ರಾಜ್ಯಕ್ಕೆ ಸೇರಬೇಕು; ಆದರೆ ದರ ಕಡಿಮೆ ಇರಬೇಕು. ಕೊಳ್ಳುವವನು ನೋಂದಾಯಿತ ವ್ಯಾಪಾರಿಯಾಗಿದ್ದು ‘ಸಿ’ ಫಾರಂ ಕೊಟ್ಟರೆ ಮಾತ್ರ ಈ ರಿಯಾಯಿತಿ. ಬಹುಕಾಲ ಶೇ 4ರಷ್ಟಿದ್ದ ಈ ದರ 2008ರ ಹೊತ್ತಿಗೆ ಶೇ 2ಕ್ಕೆ ಇಳಿಯಿತು. ಅಂಬಾಸಿಡರ್ ಕಾರು ಬಂಗಾಳದ ಉತ್ತರಪಾಡಾದಿಂದ, ಪದ್ಮಿನಿ ಮುಂಬಯಿಯ ಕುರ್ಲಾದಿಂದ ಬರುತ್ತಿದ್ದ ಕಾಲ ಅದು. ತಯಾರಕರು ಈ ತೆರಿಗೆಯನ್ನೂ ತಪ್ಪಿಸುವ ದಾರಿ ಹುಡುಕಿದರು. ಬೇರೆ ಬೇರೆ ರಾಜ್ಯಗಳಲ್ಲಿ ತಮ್ಮದೇ ದಾಸ್ತಾನು ಅಂಗಳ ತೆರೆದು, ವಾಹನವನ್ನು ಅಲ್ಲಿಗೆ ಸಾಗಿಸಿ, ಅಲ್ಲಿಂದ ಮಾರಿದರೆ ಅದು ಸ್ಥಳೀಯ ಮಾರಾಟವೆನಿಸುತ್ತದೆ. ಜಮ್‌ಷೆಡ್‌ಪುರದ ಟೆಲ್ಕೊ ಕಂಪನಿಯ ವಾಹನಗಳ ಬಗೆಗಿನ ಇಂಥ ವಿವಾದದಲ್ಲಿ ಸುಪ್ರೀಂ ಕೋರ್ಟ್ 1970ರಲ್ಲಿ ಕಂಪನಿಯ ವಾದವನ್ನು ಒಪ್ಪಿತು.

‘ಸಿ’ ಫಾರಂ ವ್ಯಾಪಾರಿಗೆ ಉಂಟು, ಸ್ವಂತಕ್ಕೆ ಕೊಳ್ಳುವವನಿಗಿಲ್ಲ. ಆದರೆ ಅವನಿಗೂ ಒಂದು ದಾರಿಯಿತ್ತು. ತೆರಿಗೆ ಕಡಿಮೆ ಇರುವ ರಾಜ್ಯಕ್ಕೆ ಹೋಗಿ, ಅಲ್ಲಿಯೇ ಹಣ ಕಟ್ಟಿ, ಅಲ್ಲಿಯೇ ಕೀಲಿಕೈ ಪಡೆದು, ಕಾರು ಓಡಿಸಿಕೊಂಡು ಬರುವುದು. ದಕ್ಷಿಣದವರಿಗೆ ಪುದುಚೇರಿ ಇದಕ್ಕೆ ಹೇಳಿಮಾಡಿಸಿದ ಊರಾಗಿತ್ತು. ಗಿರಾಕಿಗಳು ಕೈತಪ್ಪುವುದನ್ನು ಕಂಡ ಇತರ ರಾಜ್ಯಗಳಿಗೆ ಎರಡು ಹಾದಿಗಳಿದ್ದವು. ಒಂದು, ತಾವೂ ದರ ಇಳಿಸುವುದು. ಈ ಪೈಪೋಟಿ ಎಲ್ಲಿಗೆ ಹೋಯಿತೆಂದರೆ, ನಿಗದಿತ ದರಕ್ಕಿಂತ ಕೆಳಗೆ ಯಾರೂ ಇಳಿಯಬಾರದೆಂದು 1999ರ ನವೆಂಬರಿನಲ್ಲಿ ಮುಖ್ಯಮಂತ್ರಿಗಳೆಲ್ಲ ಸೇರಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಇನ್ನೊಂದು ಹಾದಿ, ಒಳಬರುವ ಕಾರಿಗೇ ಪ್ರವೇಶ ತೆರಿಗೆ ಹಾಕುವುದು. ತಮಿಳುನಾಡು 1990ರಲ್ಲಿ ಮೋಟಾರು ವಾಹನಗಳಿಗೆಂದೇ ಇಂಥ ಕಾಯ್ದೆ ಮಾಡಿತು. ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ ರದ್ದಾದಾಗ ಅದರ ಜಾಗಕ್ಕೆ ಪ್ರವೇಶ ತೆರಿಗೆ ಬಂದಿತ್ತು.

ತಮಿಳುನಾಡಿನ ಕಾಯ್ದೆಯಲ್ಲಿ ಒಂದು ನ್ಯಾಯದ ಅಂಶವಿತ್ತು. ಬೇರೆ ರಾಜ್ಯದಲ್ಲಿ ಕಟ್ಟಿದ ಮಾರಾಟ ತೆರಿಗೆಯನ್ನು ವಜಾ ಮಾಡಿ, ವ್ಯತ್ಯಾಸವನ್ನಷ್ಟೇ ಕೇಳುತ್ತಿದ್ದರು. ಅಲ್ಲಿ ಎಂಬತ್ತು ಸಾವಿರ ಕೊಟ್ಟು, ಇಲ್ಲಿನ ಲೆಕ್ಕ ಒಂದು ಲಕ್ಷವಾದರೆ, ಕಟ್ಟಬೇಕಾದದ್ದು ಇಪ್ಪತ್ತು ಸಾವಿರ ಮಾತ್ರ. ಅಮೆರಿಕದ ರಾಜ್ಯಗಳು 1930ರ ದಶಕದಿಂದ ಬಳಸುತ್ತಿರುವ ಸೂತ್ರವೂ ಇದೇ. ಆರೆಗನ್ ರಾಜ್ಯದಲ್ಲಿ ಮಾರಾಟ ತೆರಿಗೆ ಇಲ್ಲ; ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲಿ ಇದೆ. ವಾಷಿಂಗ್ಟನ್ನಿನ ನಿವಾಸಿ ಆರೆಗನ್ನಿನಲ್ಲಿ ಕಾರು ಕೊಂಡರೆ ಊರಿಗೆ ಮರಳಿ ನೋಂದಣಿ ಮಾಡಿಸುವಾಗ ‘ಬಳಕೆ ತೆರಿಗೆ’ ಕಟ್ಟಬೇಕು. ಬೇರೆಡೆ ಈಗಾಗಲೇ ಕಟ್ಟಿದ್ದರೆ ಅಷ್ಟನ್ನು ಕಳೆಯುತ್ತಾರೆ. ಈ ಪದ್ಧತಿ ಸರಿಯೆಂದು ಅಲ್ಲಿನ ಸುಪ್ರೀಂ ಕೋರ್ಟ್ 1937ರಲ್ಲೇ ಹೇಳಿದೆ.

ಇಂಥ ತೆರಿಗೆ 301ನೇ ವಿಧಿಯ ಮುಕ್ತ ವ್ಯಾಪಾರಕ್ಕೆ ಅಡ್ಡಿಯಲ್ಲವೇ? ಈ ಪ್ರಶ್ನೆ ಭಾರತದಲ್ಲಿ ಬಸ್ಸುಗಳ ಮೂಲಕ ಬಂತು. ಅಜ್ಮೀರ ಪ್ರತ್ಯೇಕ ರಾಜ್ಯವಾಗಿದ್ದ ಕಾಲದಲ್ಲಿ ಅಲ್ಲಿನ ಬಸ್ಸುಗಳು ರಾಜಸ್ಥಾನದ ನೆಲದ ಮೇಲೆ ಹಾಯ್ದಾಗ ಅದೂ ತೆರಿಗೆ ಕೇಳಿತು. ರಸ್ತೆಯಂಥ ಸೌಲಭ್ಯಕ್ಕೆ ಪ್ರತಿಯಾಗಿ ಪಡೆಯುವ ತೆರಿಗೆ ವ್ಯಾಪಾರಕ್ಕೆ ಅಡ್ಡಿಯಲ್ಲ, ಸಹಾಯ ಎಂದು ಸುಪ್ರೀಂ ಕೋರ್ಟ್ 1962ರಲ್ಲಿ ತೀರ್ಮಾನಿಸಿತು. ಮುಂದೆ 2016ರ ನವೆಂಬರಿನಲ್ಲಿ, ಜಿಂದಾಲ್ ಸ್ಟೇನ್‌ಲೆಸ್ ಪ್ರಕರಣದಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಾದಸರಣಿಯನ್ನು ಕೈಬಿಟ್ಟು ನೇರವಾದ ಅಳತೆಗೋಲು ಕೊಟ್ಟಿತು: ತೆರಿಗೆ ಹಾಕುವುದು ತಪ್ಪಲ್ಲ, ಹೊರಗಿನ ಸರಕಿಗೂ ಒಳಗಿನ ಸರಕಿಗೂ ಭೇದ ಮಾಡುವುದು ತಪ್ಪು.

ತೀರ್ಪು ಬಂದು ಎಂಟು ತಿಂಗಳಲ್ಲಿ ಚಿತ್ರವೇ ಬದಲಾಯಿತು. 2017ರ ಜುಲೈ 1ರಂದು ಜಾರಿಯಾದ ಜಿಎಸ್‌ಟಿ ರಾಜ್ಯದ ಮಾರಾಟ ತೆರಿಗೆ, ಕೇಂದ್ರ ಮಾರಾಟ ತೆರಿಗೆ, ಪ್ರವೇಶ ತೆರಿಗೆಗಳನ್ನು ನುಂಗಿಕೊಂಡಿತು. ದೇಶದಾದ್ಯಂತ ಒಂದೇ ದರ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಶೇ 18, ದೊಡ್ಡವಕ್ಕೆ ಶೇ 40, ವಿದ್ಯುತ್ ಕಾರುಗಳಿಗೆ ಶೇ 5. ಆರು ಲಕ್ಷ ರೂಪಾಯಿ ಮೂಲಬೆಲೆಯ ಸಣ್ಣ ಕಾರಿಗೆ 1,08,000 ರೂಪಾಯಿ ತೆರಿಗೆ. ಹುಬ್ಬಳ್ಳಿಯಲ್ಲಿ ಕೊಂಡರೂ ಅಷ್ಟೇ, ಹೊಸೂರಿನಲ್ಲಿ ಕೊಂಡರೂ ಅಷ್ಟೇ. 2023ರ ಅಕ್ಟೋಬರಿನಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಸ್ವಂತಕ್ಕೆ ಕೊಳ್ಳುವವನ ವಿಳಾಸ ಬಿಲ್ಲಿನಲ್ಲಿ ಯಾವ ರಾಜ್ಯದ್ದಿರುತ್ತದೋ ರಾಜ್ಯದ ಪಾಲು ಅಲ್ಲಿಗೆ ಹೋಗುತ್ತದೆ. ಒಬ್ಬ ಖಾಸಗಿ ವ್ಯಕ್ತಿ ಇನ್ನೊಬ್ಬನಿಗೆ ಮಾರುವ ಹಳೆಯ ಕಾರಿಗೆ ಜಿಎಸ್‌ಟಿಯೇ ಇಲ್ಲ. ಬಳಕೆಯಾಗುವ ರಾಜ್ಯಕ್ಕೆ ತೆರಿಗೆ ಸೇರಬೇಕೆಂಬ 1953ರ ತತ್ತ್ವ ಹೀಗೆ ಬೇರೊಂದು ಬಾಗಿಲಿನಿಂದ ಮರಳಿ ಬಂದಿದೆ.

ಹಾಗಿದ್ದರೂ ಆರ್‌ಟಿಒ ಕಿಟಕಿಯ ಮುಂದಿನ ಪ್ರಶ್ನೆ ಉಳಿದುಕೊಂಡಿರುವುದೇಕೆ? ಏಕೆಂದರೆ ವಾಹನದ ಮೇಲಿನ ರಸ್ತೆ ತೆರಿಗೆ ಜಿಎಸ್‌ಟಿಯೊಳಗೆ ಸೇರಿಲ್ಲ. ಅದು ರಾಜ್ಯಗಳ ಕೈಯಲ್ಲೇ ಇದೆ, ದರ ಒಂದೊಂದು ಕಡೆ ಒಂದೊಂದು. ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. ಪುದುಚೇರಿಯದು ತೀರಾ ಕಡಿಮೆ. ಹೀಗಾಗಿ ಹಿಂದೆ ಮಾರಾಟ ತೆರಿಗೆ ಉಳಿಸಲು ಅಲ್ಲಿಗೆ ಹೋಗುತ್ತಿದ್ದವರ ಜಾಗದಲ್ಲಿ ಈಗ ನೋಂದಣಿಗಾಗಿ ಹೋಗುವವರಿದ್ದಾರೆ. ಕೇರಳದ ಸಿನಿಮಾ ನಟರ ದುಬಾರಿ ಕಾರುಗಳು ಪುದುಚೇರಿಯ ವಿಳಾಸದಲ್ಲಿ ನೋಂದಣಿಯಾಗಿದ್ದುದು 2017ರಲ್ಲಿ ದೊಡ್ಡ ಸುದ್ದಿಯಾಗಿತ್ತು.

ಶ್ರೀಮಂತರ ಜಾಣತನಕ್ಕೆ ಬೀಸಿದ ಬಲೆಗೆ ಸಿಕ್ಕಿಬೀಳುವವರು ಮಾತ್ರ ವರ್ಗವಾಗಿ ಬಂದ ನೌಕರರು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಾರು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅಲ್ಲಿ ಮರುನೋಂದಣಿ ಆಗಬೇಕು. ಅದಕ್ಕೆ ಮೊದಲ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಹೊಸ ರಾಜ್ಯದಲ್ಲಿ ಕಾರಿನ ವಯಸ್ಸಿಗೆ ತಕ್ಕಂತೆ ಇಳಿಸಿದ ತೆರಿಗೆ ಕಟ್ಟಬೇಕು. ಹಳೆಯ ರಾಜ್ಯದಲ್ಲಿ ಕಟ್ಟಿದ್ದರಲ್ಲಿ ಉಳಿದ ವರ್ಷಗಳ ಪಾಲನ್ನು ಅರ್ಜಿ ಹಾಕಿ ವಾಪಸು ಪಡೆಯಬೇಕು. ಕಟ್ಟುವುದು ಇಂದು, ಪಡೆಯುವುದು ಎಂದೋ. ಹೊರರಾಜ್ಯದ ಕಾರು 30 ದಿನ ಮೀರಿ ಉಳಿದರೆ ಜೀವಾವಧಿ ತೆರಿಗೆ ಕಟ್ಟಬೇಕೆಂದು ಕರ್ನಾಟಕ 2014ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2016ರಲ್ಲಿ ರದ್ದುಪಡಿಸಿತು.

2021ರ ಸೆಪ್ಟೆಂಬರಿನಿಂದ ಬಂದ ‘ಬಿಎಚ್’ ಸರಣಿ ಈ ತೊಡಕಿಗೆ ಒಂದು ಪರಿಹಾರ. ಸರ್ಕಾರಿ ನೌಕರರು ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಖಾಸಗಿ ಸಂಸ್ಥೆಗಳ ನೌಕರರು ಇದನ್ನು ಪಡೆಯಬಹುದು. ತೆರಿಗೆಯನ್ನು ಒಮ್ಮೆಲೇ ಕಟ್ಟದೆ ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು. ರಾಜ್ಯ ಬದಲಾದರೆ ಮರುನೋಂದಣಿ ಬೇಡ. ಆದರೆ ಸ್ವಂತ ಅಂಗಡಿ ಇಟ್ಟವನಿಗೆ, ಕೃಷಿಕನಿಗೆ, ಸಣ್ಣ ಸಂಸ್ಥೆಯ ನೌಕರನಿಗೆ ಈ ಅನುಕೂಲವಿಲ್ಲ.

ತಾನು ಹಾಕಿದ ರಸ್ತೆಯಲ್ಲಿ ಓಡುವ ಕಾರಿನಿಂದ ತೆರಿಗೆ ಕೇಳುವ ಹಕ್ಕು ರಾಜ್ಯಕ್ಕಿದೆ. ಆದರೆ ಒಂದೇ ಕಾರಿಗೆ ಎರಡು ರಾಜ್ಯಗಳು ತೆರಿಗೆ ಕೇಳಿದಾಗ, ಮೊದಲು ಕಟ್ಟಿದ್ದನ್ನು ಎರಡನೆಯದು ಲೆಕ್ಕಕ್ಕೆ ಹಿಡಿಯಬೇಕೆಂಬ ನ್ಯಾಯವೂ ಇದೆ. ಮಾರಾಟ ತೆರಿಗೆಯಲ್ಲಿ ಆ ನ್ಯಾಯಕ್ಕೆ ಬರಲು 1953ರಿಂದ 2017ರವರೆಗೆ, ಅರವತ್ತನಾಲ್ಕು ವರ್ಷ ಹಿಡಿಯಿತು. ಮರುಪಾವತಿಯ ಅರ್ಜಿ ಹಿಡಿದು ಎರಡು ರಾಜ್ಯಗಳ ನಡುವೆ ಓಡಾಡುವ ಬದಲು, ಆ ಲೆಕ್ಕವನ್ನು ಎರಡು ಸರ್ಕಾರಗಳೇ ಪರಸ್ಪರ ಚುಕ್ತಾ ಮಾಡಿಕೊಳ್ಳುವ ದಿನ ಬಂದರೆ, ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಪ್ರಮೇಯವೇ ಇರುವುದಿಲ್ಲ.