ಸ್ವತಂತ್ರ ತಂತ್ರಾಂಶ, ಮುಕ್ತ ಆಕರ ತಂತ್ರಾಂಶ ಮತ್ತು ಉಚಿತ ತಂತ್ರಾಂಶ

ಸ್ವತಂತ್ರ ತಂತ್ರಾಂಶ ಎಂದರೆ ಬಳಕೆದಾರರಿಗೆ ಅದನ್ನು ಬಯಸಿದ ಉದ್ದೇಶಕ್ಕೆ ಬಳಸುವ, ಅದರ ರಚನೆಯನ್ನು ಅಭ್ಯಸಿಸಿ ಮಾರ್ಪಡಿಸುವ, ಪ್ರತಿಗಳನ್ನು ಹಂಚುವ ಹಾಗೂ ಮಾರ್ಪಡಿಸಿದ ರೂಪವನ್ನು ಇತರರಿಗೆ ನೀಡುವ ಹಕ್ಕುಗಳಿರುವ ಗಣಕ ತಂತ್ರಾಂಶ. ಮುಕ್ತ ಆಕರ ತಂತ್ರಾಂಶ ಎಂಬ ಹೆಸರು ಬಹುಮಟ್ಟಿಗೆ ಇವೇ ತಂತ್ರಾಂಶಗಳನ್ನು ಸೂಚಿಸುತ್ತದೆಯಾದರೂ ಅದರ ಹಿಂದಿರುವ ಚಿಂತನೆ ಬೇರೆ. ಉಚಿತ ತಂತ್ರಾಂಶವೆಂದರೆ ಹಣ ಕೊಡದೆ ದೊರೆಯುವಂಥದು ಎಂದಷ್ಟೇ ಅರ್ಥ. ವಾಡಿಕೆಯಲ್ಲಿ ಈ ಮೂರನ್ನೂ ಸಮಾನಾರ್ಥಕಗಳೆಂಬಂತೆ ಬಳಸುವುದುಂಟು. ಆದರೆ ಮೊದಲನೆಯದು ಹಕ್ಕಿಗೆ, ಎರಡನೆಯದು ತಯಾರಿಕೆಯ ವಿಧಾನಕ್ಕೆ, ಮೂರನೆಯದು ಬೆಲೆಗೆ ಸಂಬಂಧಿಸಿದೆ.

ಪದಗಳ ಅರ್ಥ

ಈ ಗೊಂದಲದ ಮೂಲ ಇಂಗ್ಲಿಷ್ ಭಾಷೆಯಲ್ಲಿದೆ. ಅಲ್ಲಿನ ‘ಫ್ರೀ’ ಶಬ್ದಕ್ಕೆ ಸ್ವತಂತ್ರ ಮತ್ತು ಪುಕ್ಕಟೆ ಎಂಬ ಎರಡು ಅರ್ಥಗಳಿವೆ. ಆದುದರಿಂದ ‘ಫ್ರೀ ಸಾಫ್ಟ್‌ವೇರ್’ ಎಂದೊಡನೆ ಬಹುತೇಕರು ಅದು ಬೆಲೆಯಿಲ್ಲದ ತಂತ್ರಾಂಶವೆಂದು ತಿಳಿಯುತ್ತಾರೆ. ಕನ್ನಡದಲ್ಲಿ ಈ ತೊಡಕಿಗೆ ಆಸ್ಪದವಿಲ್ಲ. ಸ್ವತಂತ್ರ ದೇಶ ಎಂಬುದನ್ನು ಯಾರೂ ಪುಕ್ಕಟೆ ದೇಶವೆಂದು ಗ್ರಹಿಸುವುದಿಲ್ಲ.

ಕನ್ನಡದಲ್ಲಿರುವ ತೊಡಕು ಬೇರೆಯ ಬಗೆಯದು. ‘ಮುಕ್ತ’ ಎಂಬ ಪದಕ್ಕೆ ಬಂಧನದಿಂದ ಬಿಡುಗಡೆ ಹೊಂದಿದ ಎಂಬ ಅರ್ಥವೂ ಎಲ್ಲರಿಗೂ ತೆರೆದಿರುವ ಎಂಬ ಅರ್ಥವೂ ಇವೆ. ಋಣಮುಕ್ತ ಎಂಬಲ್ಲಿ ಮೊದಲನೆಯ ಅರ್ಥ, ಮುಕ್ತ ವಿಶ್ವವಿದ್ಯಾನಿಲಯ ಎಂಬಲ್ಲಿ ಎರಡನೆಯ ಅರ್ಥ. ‘ಮುಕ್ತ ತಂತ್ರಾಂಶ’ ಎಂಬ ಪ್ರಯೋಗವು ಈ ಎರಡರಲ್ಲಿ ಯಾವುದನ್ನು ಉದ್ದೇಶಿಸಿದೆ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ಈ ಲೇಖನದಲ್ಲಿ ಹಕ್ಕುಗಳ ಅರ್ಥಕ್ಕೆ ‘ಸ್ವತಂತ್ರ’ ಎಂದೂ, ಆಕರ ತೆರೆದಿರುವ ಅರ್ಥಕ್ಕೆ ‘ಮುಕ್ತ ಆಕರ’ ಎಂದೂ, ಬೆಲೆಯಿಲ್ಲದ ಅರ್ಥಕ್ಕೆ ‘ಉಚಿತ’ ಎಂದೂ ಬಳಸಲಾಗಿದೆ.

ಆಕರ ಸಂಕೇತ

ತಂತ್ರಾಂಶವನ್ನು ರಚಿಸುವವರು ಅದನ್ನು ಮನುಷ್ಯರು ಓದಬಲ್ಲ ಒಂದು ಕ್ರಮವಿಧಿ ಭಾಷೆಯಲ್ಲಿ ಬರೆಯುತ್ತಾರೆ. ಈ ಬರಹವೇ ಆಕರ ಸಂಕೇತ. ಸಾಮಾನ್ಯವಾಗಿ ಇದನ್ನು ಗಣಕವು ನಡೆಸಬಲ್ಲ ಅಂಕಿಗಳ ರೂಪಕ್ಕೆ ಪರಿವರ್ತಿಸಿ ಬಳಕೆದಾರರಿಗೆ ಕೊಡಲಾಗುತ್ತದೆ. ಅಂಕಿಗಳ ರೂಪವೊಂದೇ ಕೈಯಲ್ಲಿದ್ದರೆ ತಂತ್ರಾಂಶವನ್ನು ನಡೆಸಬಹುದೇ ಹೊರತು, ಅದು ಒಳಗೆ ಏನು ಮಾಡುತ್ತಿದೆ ಎಂಬುದನ್ನು ಅರಿಯುವುದೂ ತಿದ್ದುವುದೂ ಅತ್ಯಂತ ಕಷ್ಟ.

ನಾಲ್ಕು ಸ್ವಾತಂತ್ರ್ಯಗಳು

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್ಮನ್ 1983ರ ಸೆಪ್ಟೆಂಬರಿನಲ್ಲಿ ‘ಗ್ನೂ’ ಯೋಜನೆಯನ್ನು ಘೋಷಿಸಿದರು. ಸಂಪೂರ್ಣವಾಗಿ ಸ್ವತಂತ್ರವಾದ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ನಿರ್ಮಿಸುವುದು ಅದರ ಗುರಿ. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪನೆಯಾಯಿತು. ಈ ಸಂಸ್ಥೆಯ ವ್ಯಾಖ್ಯಾನವು ಕ್ರಮವಿಧಿಕಾರರ ರೂಢಿಯಂತೆ ಸೊನ್ನೆಯಿಂದ ಎಣಿಕೆಯಾಗುವ ನಾಲ್ಕು ಸ್ವಾತಂತ್ರ್ಯಗಳನ್ನು ಹೇಳುತ್ತದೆ.

0. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ನಡೆಸುವ ಸ್ವಾತಂತ್ರ್ಯ.
1. ಅದು ಕೆಲಸ ಮಾಡುವ ಬಗೆಯನ್ನು ಅಭ್ಯಸಿಸುವ ಮತ್ತು ತನ್ನ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸುವ ಸ್ವಾತಂತ್ರ್ಯ.
2. ಪ್ರತಿಗಳನ್ನು ಇತರರಿಗೆ ಹಂಚುವ ಸ್ವಾತಂತ್ರ್ಯ.
3. ಮಾರ್ಪಡಿಸಿದ ಪ್ರತಿಗಳನ್ನು ಇತರರಿಗೆ ಹಂಚುವ ಸ್ವಾತಂತ್ರ್ಯ.

ಇವುಗಳಲ್ಲಿ 1 ಮತ್ತು 3ನೆಯವು ಆಕರ ಸಂಕೇತ ದೊರೆತಲ್ಲದೆ ಸಾಧ್ಯವಿಲ್ಲ. ನಾಲ್ಕರಲ್ಲಿ ಎಲ್ಲಿಯೂ ಬೆಲೆಯ ಪ್ರಸ್ತಾಪವಿಲ್ಲ ಎಂಬುದು ಗಮನಾರ್ಹ.

ಪರವಾನಗಿ ಮತ್ತು ಕಾಪಿಲೆಫ್ಟ್

ತಂತ್ರಾಂಶಕ್ಕೂ ಪುಸ್ತಕದಂತೆಯೇ ಕೃತಿಸ್ವಾಮ್ಯವಿದೆ. ಕರ್ತೃವು ಅನುಮತಿಸದಿದ್ದರೆ ಅದನ್ನು ನಕಲು ಮಾಡುವುದಾಗಲಿ ತಿದ್ದಿ ಹಂಚುವುದಾಗಲಿ ಕಾನೂನುಬಾಹಿರ. ಆದ್ದರಿಂದ ಸ್ವಾತಂತ್ರ್ಯವನ್ನು ಪರವಾನಗಿಯ ಮೂಲಕ ಬರಹದಲ್ಲಿಯೇ ನೀಡಬೇಕಾಗುತ್ತದೆ. 1989ರಲ್ಲಿ ಪ್ರಕಟವಾದ ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್ ಇವುಗಳಲ್ಲಿ ಪ್ರಸಿದ್ಧವಾದುದು. ಇದರ ಎರಡನೆಯ ಆವೃತ್ತಿ 1991ರಲ್ಲಿ, ಮೂರನೆಯದು 2007ರಲ್ಲಿ ಬಂದವು. ಈ ಪರವಾನಗಿಯುಳ್ಳ ತಂತ್ರಾಂಶವನ್ನು ಮಾರ್ಪಡಿಸಿ ಹಂಚುವವರು ತಾವು ಪಡೆದ ಸ್ವಾತಂತ್ರ್ಯಗಳನ್ನೇ ಮುಂದಿನವರಿಗೂ ಕೊಡಬೇಕು. ಈ ನಿಬಂಧನೆಗೆ ಕಾಪಿಲೆಫ್ಟ್ ಎಂದು ಹೆಸರು. ಎಂಐಟಿ ಮತ್ತು ಬಿಎಸ್‌ಡಿ ಪರವಾನಗಿಗಳಲ್ಲಿ ಇಂತಹ ನಿಬಂಧನೆಯಿಲ್ಲ. ಅವುಗಳ ಅಡಿಯಲ್ಲಿ ಬಂದ ಸಂಕೇತವನ್ನು ಆಕರ ಮುಚ್ಚಿದ ತಂತ್ರಾಂಶದಲ್ಲಿಯೂ ಸೇರಿಸಬಹುದು. ಹಾಗಿದ್ದರೂ ಅವು ಸ್ವತಂತ್ರ ಪರವಾನಗಿಗಳೇ ಆಗಿವೆ.

ಮುಕ್ತ ಆಕರದ ಉದಯ

1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಕಂಪನಿಯು ತನ್ನ ಜಾಲದರ್ಶಕದ ಆಕರ ಸಂಕೇತವನ್ನು ಬಿಡುಗಡೆ ಮಾಡುವುದಾಗಿ ಪ್ರಕಟಿಸಿತು. ಇದರ ಬೆನ್ನಲ್ಲೇ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ನಡೆದ ಸಭೆಯಲ್ಲಿ ಕ್ರಿಸ್ಟೀನ್ ಪೀಟರ್ಸನ್ ಸೂಚಿಸಿದ ‘ಓಪನ್ ಸೋರ್ಸ್’ ಎಂಬ ಪದವು ಅಂಗೀಕಾರ ಪಡೆಯಿತು. ವಾಣಿಜ್ಯ ಸಂಸ್ಥೆಗಳಿಗೆ ‘ಫ್ರೀ’ ಎಂಬ ಮಾತು ಬೆಲೆಯ ಶಂಕೆಯನ್ನೂ, ಸ್ವಾತಂತ್ರ್ಯದ ವಾದವು ಸಂಕೋಚವನ್ನೂ ಉಂಟುಮಾಡುತ್ತದೆ ಎಂಬುದು ಹೊಸ ಪದದ ಸಮರ್ಥಕರ ಅಭಿಪ್ರಾಯವಾಗಿತ್ತು. ಅದೇ ವರ್ಷ ಎರಿಕ್ ರೇಮಂಡ್ ಮತ್ತು ಬ್ರೂಸ್ ಪೆರೆನ್ಸ್ ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಹತ್ತು ಅಂಶಗಳ ವ್ಯಾಖ್ಯಾನಕ್ಕೆ ಡೆಬಿಯನ್ ಯೋಜನೆಯು 1997ರಲ್ಲಿ ರೂಪಿಸಿದ ಮಾರ್ಗಸೂಚಿಯೇ ಆಧಾರ. ಆಕರವನ್ನು ಓದಲು ಬಿಟ್ಟು, ಬಳಸಲು ಅಥವಾ ತಿದ್ದಲು ಅನುಮತಿಸದ ತಂತ್ರಾಂಶವು ಈ ವ್ಯಾಖ್ಯಾನದಂತೆ ಮುಕ್ತ ಆಕರ ಎನಿಸಿಕೊಳ್ಳುವುದಿಲ್ಲ.

ಎರಡು ದೃಷ್ಟಿಗಳ ವ್ಯತ್ಯಾಸ

ಕೆಲವು ಅಪವಾದಗಳನ್ನು ಬಿಟ್ಟರೆ ಎರಡೂ ಸಂಸ್ಥೆಗಳು ಒಪ್ಪುವ ಪರವಾನಗಿಗಳು ಒಂದೇ. ವ್ಯತ್ಯಾಸವಿರುವುದು ಕಾರಣದಲ್ಲಿ. ಅನೇಕರು ಪರಿಶೀಲಿಸಿ ತಿದ್ದುವುದರಿಂದ ತಂತ್ರಾಂಶದ ಗುಣಮಟ್ಟ ಹೆಚ್ಚುತ್ತದೆ ಎಂಬುದು ಮುಕ್ತ ಆಕರದ ವಾದ. ಗುಣಮಟ್ಟ ಹೇಗೇ ಇರಲಿ, ತನ್ನ ಗಣಕದ ಮೇಲಿನ ಹತೋಟಿ ಬಳಕೆದಾರನ ಹಕ್ಕು ಎಂಬುದು ಸ್ವತಂತ್ರ ತಂತ್ರಾಂಶದ ವಾದ.

ಅಮೆರಿಕದ ಟೀವೋ ಎಂಬ ದೂರದರ್ಶನ ಮುದ್ರಣ ಯಂತ್ರದ ಪ್ರಸಂಗದಲ್ಲಿ ಈ ಭೇದ ಸ್ಪಷ್ಟವಾಯಿತು. ಅದರಲ್ಲಿ ಲಿನಕ್ಸ್ ಕರ್ನೆಲ್ ಬಳಕೆಯಾಗಿದ್ದು, ಕಂಪನಿಯು ಅದರ ಆಕರವನ್ನು ಒದಗಿಸುತ್ತಿತ್ತು. ಆದರೆ ಬಳಕೆದಾರರು ತಿದ್ದಿದ ರೂಪವನ್ನು ಯಂತ್ರವು ನಡೆಸುತ್ತಿರಲಿಲ್ಲ. ಆಕರ ತೆರೆದಿದ್ದರೂ ಸ್ವಾತಂತ್ರ್ಯ ಇಲ್ಲವಾಯಿತು ಎಂದು ಸ್ಟಾಲ್ಮನ್ ಬಳಗ ಆಕ್ಷೇಪಿಸಿತು. ಪರವಾನಗಿಯ ಮೂರನೆಯ ಆವೃತ್ತಿಯಲ್ಲಿ ಮನೆಬಳಕೆಯ ಯಂತ್ರಗಳಿಗೆ ಇಂತಹ ತಡೆಯನ್ನು ನಿರ್ಬಂಧಿಸಲಾಯಿತು. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಇದನ್ನು ಒಪ್ಪಲಿಲ್ಲ. ಲಿನಕ್ಸ್ ಕರ್ನೆಲ್ ಎರಡನೆಯ ಆವೃತ್ತಿಯಲ್ಲಿಯೇ ಉಳಿಯಿತು.

ಬೆಲೆ ಮತ್ತು ಸ್ವಾತಂತ್ರ್ಯ

ಸ್ವತಂತ್ರ ತಂತ್ರಾಂಶವನ್ನು ಮಾರಬಹುದು. ಸ್ಟಾಲ್ಮನ್ ಅವರೇ ತಮ್ಮ ಈಮ್ಯಾಕ್ಸ್ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ಮುಕ್ತ ಆಕರ ತಂತ್ರಾಂಶಗಳ ಸೇವೆಯನ್ನೇ ವ್ಯವಹಾರವಾಗಿಸಿಕೊಂಡ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ ಸುಮಾರು 34 ಶತಕೋಟಿ ಡಾಲರಿಗೆ ಕೊಂಡಿತು. ಇದಕ್ಕೆ ಪ್ರತಿಯಾಗಿ ಅಡೋಬಿ ರೀಡರ್, ವಾಟ್ಸಾಪ್ ಮುಂತಾದವು ಉಚಿತವಾಗಿ ದೊರೆತರೂ ಸ್ವತಂತ್ರವಲ್ಲ.

ಇದರ ಪರಿಣಾಮ ತಿಳಿಯುವುದು ತಯಾರಕರು ತಂತ್ರಾಂಶವನ್ನು ಕೈಬಿಟ್ಟಾಗ. ಗೂಗಲ್ ಉಚಿತವಾಗಿ ನೀಡುತ್ತಿದ್ದ ಪಿಕಾಸಾ ಎಂಬ ಛಾಯಾಚಿತ್ರ ತಂತ್ರಾಂಶವನ್ನು 2016ರಲ್ಲಿ ನಿಲ್ಲಿಸಿತು. ಸ್ಥಾಪಿಸಿಕೊಂಡಿದ್ದ ಪ್ರತಿಗಳು ನಡೆದವಾದರೂ, ಆಕರವೂ ಹಕ್ಕೂ ಇಲ್ಲದ ಬಳಕೆದಾರರಿಗೆ ಅದನ್ನು ಮುಂದುವರಿಸುವ ದಾರಿಯಿರಲಿಲ್ಲ. 2010ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯು ಒರಾಕಲ್ ವಶವಾದಾಗ ಓಪನ್‌ಆಫೀಸ್‌ನ ಭವಿಷ್ಯದ ಬಗ್ಗೆ ಇಂತಹದೇ ಆತಂಕ ಮೂಡಿತು. ಆದರೆ ಅದರ ಕಾರ್ಯಕರ್ತರಲ್ಲಿ ಅನೇಕರು ಅದೇ ವರ್ಷ ಆಕರವನ್ನು ತೆಗೆದುಕೊಂಡು ಹೊರಬಂದು ಲಿಬ್ರೆಆಫೀಸ್ ಆರಂಭಿಸಿದರು. ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಪರವಾನಗಿ ಅದನ್ನು ಮೊದಲೇ ಕೊಟ್ಟಿತ್ತು.

ಭಾರತ ಮತ್ತು ಕನ್ನಡದ ಸಂದರ್ಭ

ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾ 2001ರಲ್ಲಿ ತಿರುವನಂತಪುರದಲ್ಲಿ ಆರಂಭವಾಯಿತು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಗಣಕ ಶಿಕ್ಷಣವು ಸ್ವತಂತ್ರ ತಂತ್ರಾಂಶಗಳನ್ನು ಅವಲಂಬಿಸಿದೆ. ಭಾರತ ಸರ್ಕಾರವು 2015ರಲ್ಲಿ ಮುಕ್ತ ಆಕರ ತಂತ್ರಾಂಶಗಳ ಅಳವಡಿಕೆಯ ನೀತಿಯನ್ನು ಪ್ರಕಟಿಸಿತು.

ಕನ್ನಡವನ್ನು ಗಣಕಕ್ಕೆ ಒಗ್ಗಿಸುವಲ್ಲಿ ಮೂರೂ ಬಗೆಯ ತಂತ್ರಾಂಶಗಳು ಪಾತ್ರ ವಹಿಸಿವೆ. 1998ರಲ್ಲಿ ಬಂದ ‘ಬರಹ’ ಅನೇಕ ವರ್ಷ ಉಚಿತವಾಗಿ ದೊರೆತು ಅಸಂಖ್ಯಾತರಿಗೆ ಕನ್ನಡ ಟೈಪಿಸಲು ನೆರವಾಯಿತು. ಮುಂದೆ ಅದರ ಹೊಸ ಆವೃತ್ತಿಗಳಿಗೆ ಬೆಲೆ ನಿಗದಿಯಾಯಿತು. ಉಚಿತವಾಗಿ ನೀಡುವುದು ಕರ್ತೃವಿನ ಔದಾರ್ಯ; ಬೆಲೆ ನಿಗದಿಪಡಿಸುವುದೂ ಅವರ ಹಕ್ಕು. ಸ್ವತಂತ್ರ ಪರವಾನಗಿಯಲ್ಲಿ ಒಮ್ಮೆ ದೊರೆತ ಆವೃತ್ತಿಯಾದರೋ ಸಮುದಾಯದ ಬಳಿಯೇ ಉಳಿಯುತ್ತದೆ. ‘ಲೋಹಿತ್ ಕನ್ನಡ’ ಅಕ್ಷರಶೈಲಿ ಇಂತಹ ಪರವಾನಗಿಯಲ್ಲಿದೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ‘ಕಗಪ’ ಕೀಲಿಮಣೆಯು ಲಿನಕ್ಸ್ ವ್ಯವಸ್ಥೆಗಳ ಕೀಲಿಮಣೆ ಸಂಗ್ರಹದಲ್ಲಿ ಸೇರಿದ್ದು, ಅದೇ ಹೆಸರಿನ ಹಿಂದಿ, ಮರಾಠಿ ಮತ್ತು ತೆಲುಗು ಕೀಲಿಮಣೆಗಳೂ ಅಲ್ಲಿವೆ. 2003ರಲ್ಲಿ ಪ್ರಾರಂಭವಾದ ಕನ್ನಡ ವಿಕಿಪೀಡಿಯವನ್ನು ನಡೆಸುತ್ತಿರುವ ಮೀಡಿಯಾವಿಕಿಯೂ ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್ ಅಡಿಯಲ್ಲಿರುವ ಸ್ವತಂತ್ರ ತಂತ್ರಾಂಶವಾಗಿದೆ.