ಮಲ್ಪೆಯ ದ್ವೀಪಗಳ ಶಿಲಾಸ್ತಂಭಗಳು

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಂತಹ ಒಳನಾಡಿನ ಊರುಗಳಿಂದ ಬಂದ ವಿದ್ಯಾರ್ಥಿಗಳಿಗೆ ಸಮುದ್ರವೆಂದರೆ ಮೊದಲು ವಿಹಾರ, ಆಮೇಲೆ ಪಾಠ. ಹಾಸನ, ಸಕಲೇಶಪುರಗಳನ್ನು ಹಾದು, ಶಿರಾಡಿ ಘಟ್ಟವನ್ನಿಳಿದು, ಉಡುಪಿಯನ್ನು ಸೇರಿ, ಮಲ್ಪೆಯ ಬಂದರಿನಲ್ಲಿ ದೋಣಿಯನ್ನೇರಿದಾಗ ನಮ್ಮ ತಂಡದ ಉತ್ಸಾಹವೂ ಅದೇ ಬಗೆಯದಾಗಿದ್ದಿತು. ದಡದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ತೆಂಗಿನ ಮರಗಳೂ ಅವುಗಳ ಅಡಿಯಲ್ಲಿ ಕಂಬಗಳ ಗುಂಪೂ ಗೋಚರಿಸಿದೊಡನೆ, ಮಲ್ಲಿಪಟ್ಟಣದ ಕಡೆಯ ವಿದ್ಯಾರ್ಥಿಯೊಬ್ಬರು, “ಸಾರ್, ಈ ಕಂಬಗಳನ್ನು ಕಡೆದವರು ಯಾರು?” ಎಂದು ಕೇಳಿದರು. ಬೇಲೂರು ಹಳೇಬೀಡುಗಳ ಜಿಲ್ಲೆಯವರು ಹೀಗೆ ಕೇಳದಿದ್ದರೆ ಅದೇ ಆಶ್ಚರ್ಯ!

ಇವು ಸಂತ ಮೇರಿಯ ದ್ವೀಪಗಳು. ಸ್ಥಳೀಯರು ತೋನ್ಸೆಪಾರ್ ಎನ್ನುವುದುಂಟು. ವಾಸ್ಕೊ ಡ ಗಾಮನು 1498ರಲ್ಲಿ ಇಲ್ಲಿಳಿದು ಈ ಹೆಸರನ್ನಿಟ್ಟನೆಂಬುದು ಪ್ರತೀತಿ. ನಮ್ಮ ಗಮನವನ್ನು ಸೆಳೆದುದು ಹೆಸರಲ್ಲ, ಕಲ್ಲು.

ಕಲ್ಲು ಕಂಬವಾಗಿ ನಿಂತ ಕಡೆಯಲ್ಲೆಲ್ಲ ಮನುಷ್ಯನು ಅದಕ್ಕೊಬ್ಬ ಕರ್ತೃವನ್ನು ಹುಡುಕಿದ್ದಾನೆ. ಮೆಡಿಟರೇನಿಯನ್ ಸಮುದ್ರದ ಸಿಸಿಲಿ ದ್ವೀಪದಲ್ಲಿ ಆಚಿ ಟ್ರೆಟ್ಸಾ ಎಂಬ ಕಡಲತಡಿಯ ವಿಹಾರಸ್ಥಳವಿದೆ. ಅದರೆದುರು ನೀರಿನಲ್ಲಿ ನಿಂತಿರುವ ಬಂಡೆಗಳಲ್ಲಿಯೂ ಇಂತಹ ಕಂಬಗಳುಂಟು. ಹೋಮರನ ಕಾವ್ಯದ ಒಕ್ಕಣ್ಣಿನ ದೈತ್ಯನು ಒಡಿಸ್ಸಿಯಸನ ಹಡಗಿನತ್ತ ಎಸೆದ ಬಂಡೆಗಳೇ ಅವು ಎಂದು ಅಲ್ಲಿನವರ ನಂಬಿಕೆ. ನಿಜವಾಗಿ ಅವು ಎಟ್ನಾ ಜ್ವಾಲಾಮುಖಿಯ ಅತ್ಯಂತ ಹಳೆಯ ಚಟುವಟಿಕೆಗೆ ಸೇರಿದವು. ವಯಸ್ಸು ಸುಮಾರು 5 ಲಕ್ಷ ವರ್ಷ.

ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳವನ್ನು ನೋಡಿದವರಿಗೆ ಕಂಬಗಳ ರಹಸ್ಯ ಅರ್ಧ ತಿಳಿದಂತೆಯೇ. ಕೆಸರು ನೀರನ್ನು ಕಳೆದುಕೊಂಡು ಕುಗ್ಗಿ, ಬಹುಕೋನಾಕಾರದ ಹಲ್ಲೆಗಳಾಗಿ ಬಿರಿಯುತ್ತದೆ. ಲಾವಾರಸವು ಕಳೆದುಕೊಳ್ಳುವುದು ನೀರನ್ನಲ್ಲ, ಶಾಖವನ್ನು. ಘನೀಭವಿಸಿದ ಹಾಳೆ ಮೇಲಿನಿಂದಲೂ ಕೆಳಗಿನಿಂದಲೂ ತಣಿಯುತ್ತ ಬಂದಂತೆ ಕುಗ್ಗುವುದು. ಮೇಲ್ಮೈಯಲ್ಲಿ ಹುಟ್ಟಿದ ಬಿರುಕುಗಳು ತಣಿಯುವ ಮೇಲ್ಮೈಗೆ ಲಂಬವಾಗಿ ಒಳಕ್ಕೆ ಇಳಿಯುವುವು. ಬಿರುಕುಗಳ ಜಾಲ ಕ್ರಮಬದ್ಧವಾದಷ್ಟೂ ಕಂಬಗಳು ಷಟ್ಕೋನಕ್ಕೆ ಸಮೀಪವಾಗುವುವು. ಐದು, ಏಳು ಮುಖಗಳ ಕಂಬಗಳೂ ಇಲ್ಲಿ ಸಾಕಷ್ಟಿವೆ. ಎಲ್ಲವೂ ಷಟ್ಕೋನವೆಂದು ಬರೆಯುವವರು ಎಣಿಸಿ ನೋಡಿದವರಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಪ್ರವಾಸದ ಪುಸ್ತಕಗಳು ಈ ಶಿಲೆಯನ್ನು ಬಸಾಲ್ಟ್ ಎನ್ನುತ್ತವೆ. ಇದರಲ್ಲಿ ಸಿಲಿಕಾಂಶ ಬಸಾಲ್ಟಿಗಿಂತ ಬಹಳ ಹೆಚ್ಚು. ಇದು ರಯೋಲೈಟ್ ಮತ್ತು ರಯೋಡೇಸೈಟ್ ವರ್ಗಕ್ಕೆ ಸೇರಿದ ಶಿಲೆ. ವಿಜಯಪುರ, ಬೆಳಗಾವಿಗಳ ಕಡೆಯ ದಖ್ಖನ್ ಬಸಾಲ್ಟಿನ ತುಂಡೊಂದು ದಕ್ಷಿಣಕ್ಕೆ ಉಳಿದುಬಂದಿರಬೇಕೆಂಬ ಊಹೆಯೂ ನಿಲ್ಲುವಂತಹುದಲ್ಲ. ದಖ್ಖನ್ ಲಾವಾ ಹರಿದುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಶಿಲೆಯಲ್ಲಿನ ಪೊಟ್ಯಾಸಿಯಂ ಕ್ಷಯಿಸಿ ಸಂಚಯವಾದ ಆರ್ಗಾನನ್ನು ಅಳೆದು ನೋಡಿದಾಗ ಈ ದ್ವೀಪಗಳ ವಯಸ್ಸು 8.5 ಕೋಟಿಯಿಂದ 9.3 ಕೋಟಿ ವರ್ಷಗಳೆಂದು ಬಂದಿದೆ. ಮಡಗಾಸ್ಕರಿನ ಜ್ವಾಲಾಮುಖಿ ಶಿಲೆಗಳ ವಯಸ್ಸು ಸುಮಾರು 9 ಕೋಟಿ. ಆ ಭೂಭಾಗವೂ ಭಾರತವೂ ಒಂದನ್ನೊಂದು ಬಿಟ್ಟು ಸರಿದ ಕಾಲ ಅದೇ. ಎಂದರೆ, ವಿಹಾರಿಗಳು ಬುತ್ತಿಯನ್ನು ಬಿಚ್ಚುವ ಈ ಕಂಬಗಳು ಎರಡು ಭೂಭಾಗಗಳ ವಿಯೋಗಕ್ಕೆ ಸಾಕ್ಷಿ.

ಅದೇ ವಿದ್ಯಾರ್ಥಿಯು, “ಹಾಗಾದರೆ ನಮ್ಮೂರಿನ ಕಡೆಯ ಕಲ್ಲು ಇದಕ್ಕಿಂತ ಹೊಸದೇ?” ಎಂದು ಕೇಳಿದರು. ಅಲ್ಲ. ಹಾಸನದ ಗೊರೂರಿನ ಬಳಿಯ ಪಟ್ಟೆಗಳುಳ್ಳ ನೈಸ್ ಶಿಲೆಯ ವಯಸ್ಸು ಸುಮಾರು 330 ಕೋಟಿ ವರ್ಷಗಳೆಂದು ಗಣಿಸಲಾಗಿದೆ. ಅದರ ಮುಂದೆ ಮಲ್ಪೆಯ ಕಂಬಗಳು ನಿನ್ನೆಯವು.

ನಮ್ಮ ಶಾಸ್ತ್ರದವರ ಮೇಲಿನ ಆಕ್ಷೇಪವೊಂದನ್ನು ಇಲ್ಲಿ ಮುಚ್ಚಿಡಲಾಗದು. ವಿಹಾರಿಯು ಕಪ್ಪೆಚಿಪ್ಪನ್ನು ಆಯ್ದು ಹೋಗುತ್ತಾನೆ. ಸುತ್ತಿಗೆಯನ್ನು ತರುವವರು ನಾವು. ಈ ದ್ವೀಪಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಾಗಿವೆ. ಇಲ್ಲಿ ಒಡೆದ ಅಂಚು ಮತ್ತೆ ಬೆಳೆಯದು. ಮುಖಗಳ ಎಣಿಕೆಗೂ ಕೋನಗಳ ಅಳತೆಗೂ ದಾರ, ಕೋನಮಾಪಕ, ಟಿಪ್ಪಣಿ ಪುಸ್ತಕಗಳು ಸಾಕು. ನಮ್ಮ ತಂಡದ ಸುತ್ತಿಗೆಗಳನ್ನು ದೋಣಿಯಲ್ಲಿಯೇ ಬಿಡಿಸಿದೆವು, ಒಬ್ಬಿಬ್ಬರು ಗೊಣಗಿದರು.

ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಇಳಿತದ ಹೊತ್ತನ್ನು ಮೊದಲೇ ವಿಚಾರಿಸಿಕೊಂಡು ಹೋದರೆ ಕಂಬಗಳ ಬುಡವನ್ನೂ ನೋಡಬಹುದು. ದ್ವೀಪದಲ್ಲಿ ಜನವಸತಿಯಿಲ್ಲವಾದುದರಿಂದ ಕುಡಿಯುವ ನೀರನ್ನು ದಡದಿಂದಲೇ ಒಯ್ಯತಕ್ಕದ್ದು.