ಉಮ್ಮತ್ತಿಯ ವಿಷ, ಕೀಟನಾಶಕಕ್ಕೆ ಮದ್ದು: ಅಟ್ರೋಪಿನ್

ಬೇಲಿಸಾಲಿನಲ್ಲಿ, ತಿಪ್ಪೆಯ ಬದಿಯಲ್ಲಿ ಬೆಳೆಯುವ ಉಮ್ಮತ್ತಿ ಗಿಡವನ್ನು ಸದಸ್ಯರೆಲ್ಲರೂ ಬಲ್ಲಿರಿ. ಶಿವಪೂಜೆಗೆ ಹೂವನ್ನು ಕೀಳುತ್ತೇವೆ, ದನ ಬಾಯಿ ಹಾಕದಂತೆ ನೋಡಿಕೊಳ್ಳುತ್ತೇವೆ. ಈ ಗಿಡದಲ್ಲಿಯೂ, ಇದರ ಬಳಗಕ್ಕೇ ಸೇರಿದ ಯೂರೋಪಿನ ಬೆಲ್ಲಡೋನ ಗಿಡದಲ್ಲಿಯೂ ಇರುವ ವಿಷವಸ್ತುಗಳಿಂದ ದೊರೆಯುವ ಔಷಧಿಯೇ ಅಟ್ರೋಪಿನ್. ಕೀಟನಾಶಕದ ವಿಷವೇರಿದ ರಾಸಿನ ಪ್ರಾಣ ಉಳಿಸಲು ಪಶುವೈದ್ಯರು ಮೊದಲು ಕೈಹಾಕುವುದು ಇದಕ್ಕೇ.

ಕ್ಲೋರ್‌ಪೈರಿಫಾಸ್, ಮ್ಯಾಲಥಿಯಾನ್ ಮೊದಲಾದ ಸಾವಯವ ರಂಜಕ ಗುಂಪಿನ ಕೀಟನಾಶಕಗಳು ಬಾಯಿಂದ ಮಾತ್ರವಲ್ಲ, ಚರ್ಮದ ಮೂಲಕವೂ ಮೈಗೆ ಸೇರುತ್ತವೆ. ನರಗಳು ಗ್ರಂಥಿಗಳಿಗೂ ಸ್ನಾಯುಗಳಿಗೂ ಸಂದೇಶ ಕಳುಹಿಸಲು ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಬಳಸುತ್ತವೆ. ಕೆಲಸ ಮುಗಿದೊಡನೆ ಅದನ್ನು ಒಡೆದುಹಾಕುವ ಕಿಣ್ವವೊಂದಿದೆ. ಕೀಟನಾಶಕವು ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಜೊಲ್ಲು ಧಾರಾಕಾರ, ಕಣ್ಣೀರು, ನೀರು ನೀರಾದ ಭೇದಿ, ಪದೇ ಪದೇ ಮೂತ್ರ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ಮೈ ನಡುಕ. ಶ್ವಾಸನಾಳದಲ್ಲಿ ಲೋಳೆ ತುಂಬಿ ಉಸಿರುಕಟ್ಟುತ್ತದೆ. ರಾಸು ಸಾಯುವುದು ಹೆಚ್ಚಾಗಿ ಇದರಿಂದಲೇ. ಕಾಲುಬಾಯಿ ಜ್ವರದಲ್ಲಿಯೂ ಜೊಲ್ಲು ಸುರಿಯುತ್ತದೆ, ಆದರೆ ಅಲ್ಲಿ ಬಾಯಿಹುಣ್ಣು, ಜ್ವರ ಇರುತ್ತವೆ.

ಅಟ್ರೋಪಿನ್ ಗ್ರಂಥಿ, ಶ್ವಾಸನಾಳ ಮತ್ತು ಹೃದಯದಲ್ಲಿ ಆ ಸಂದೇಶಕ್ಕೆ ಬಾಗಿಲು ಮುಚ್ಚುತ್ತದೆ. ಜೊಲ್ಲು ಆರುತ್ತದೆ, ಉಸಿರು ಸಡಿಲವಾಗುತ್ತದೆ. ಸ್ನಾಯುಗಳ ನಡುಕ, ನಿಶ್ಶಕ್ತಿ ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಅದಕ್ಕೆ ಪ್ರಾಲಿಡಾಕ್ಸಿಮ್ ಎಂಬ ಬೇರೆ ಔಷಧಿಯನ್ನು ಬೇಗನೆ ಕೊಡಬೇಕಾಗುತ್ತದೆ.

"ಡಾಕ್ಟರು ಇಷ್ಟೊಂದು ಇಂಜೆಕ್ಷನ್ ಏಕೆ ಒಡೆಯುತ್ತಾರೆ?" ಎಂದು ಹಲವರು ಕೇಳಿದ್ದುಂಟು. ಕಿಲೋ ತೂಕಕ್ಕೆ ಕಾಲು ಮಿಲಿಗ್ರಾಂನಂತೆ ಹಿಡಿದರೂ 300 ಕಿಲೋ ಹಸುವಿಗೆ 75 ಮಿಲಿಗ್ರಾಂ ಬೇಕು. ಮನುಷ್ಯರಿಗೆ ಬಳಸುವ 0.6 ಮಿಲಿಗ್ರಾಂನ ಆಂಪೂಲುಗಳಾದರೆ 125 ಆದವು! ಇದರಲ್ಲಿ ಕಾಲುಭಾಗವನ್ನು ರಕ್ತನಾಳಕ್ಕೆ ನಿಧಾನವಾಗಿ, ಉಳಿದದ್ದನ್ನು ಚರ್ಮದಡಿ ಕೊಡುತ್ತಾರೆ. ಕೆಲವು ಗಂಟೆಗಳ ನಂತರ ಲಕ್ಷಣ ಮರುಕಳಿಸಿದರೆ ಮತ್ತೆ ಕೊಡಬೇಕಾದೀತು. ಆದುದರಿಂದ ವೈದ್ಯರಿಗೆ ಫೋನ್ ಮಾಡುವಾಗಲೇ "ಕೀಟನಾಶಕ" ಎಂಬ ಮಾತು ಹೇಳಿದರೆ ಅವರು ಔಷಧಿಯನ್ನು ಸಾಕಷ್ಟು ಜೊತೆಗೆ ತರುತ್ತಾರೆ.

ನಾನು ನೋಡಿದ ಒಂದು ಮಿಶ್ರತಳಿ ಹಸುವಿಗೆ ಉಣ್ಣೆ ಹೋಗಲೆಂದು ಬೆಳೆಗೆ ಹೊಡೆಯುವ ಔಷಧಿಯನ್ನು ಮೈಗೆಲ್ಲ ಸವರಿದ್ದರು. ಮನೆಯವರು ಸಂಕೋಚದಿಂದ ಅದನ್ನು ಮುಚ್ಚಿಟ್ಟು, "ಮೇವಿನಲ್ಲಿ ಏನೋ ಆಗಿದೆ" ಎಂದರು. ಡಬ್ಬಿ ಹೊರಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಹಸು ಉಳಿಯಲಿಲ್ಲ. ಬೈಯುವುದಕ್ಕೆ ನಾವು ಬರುವುದಿಲ್ಲ; ಡಬ್ಬಿ ತೋರಿಸಿ, ಅಷ್ಟೇ ಸಾಕು. ಎಳೆ ಜೋಳದ ವಿಷಕ್ಕೆ ಅಟ್ರೋಪಿನ್ ಮದ್ದಲ್ಲ, ಅದರ ಚಿಕಿತ್ಸೆಯೇ ಬೇರೆ.

ವೈದ್ಯರು ಬರುವವರೆಗೆ, ಔಷಧಿ ಮೈಗೆ ತಾಗಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸೋಪು ಮತ್ತು ತಣ್ಣೀರಿನಿಂದ ರಾಸನ್ನು ಚೆನ್ನಾಗಿ ತೊಳೆಯಿರಿ. ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ ಕುಡಿಸಕೂಡದು. ನುಂಗಲಾರದ ರಾಸಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಮ್ಮತ್ತಿ ಸೊಪ್ಪನ್ನು ಅರೆದು ಕುಡಿಸುವ ಯೋಚನೆಯಂತೂ ಬೇಡವೇ ಬೇಡ. ಎಲೆಗೂ ಬೀಜಕ್ಕೂ, ಗಿಡದಿಂದ ಗಿಡಕ್ಕೂ ವಿಷದ ಪ್ರಮಾಣ ಬದಲಾಗುತ್ತದೆ, ಅಳತೆ ಸಿಗುವುದಿಲ್ಲ.

ಅಟ್ರೋಪಿನ್ ಕೊಟ್ಟ ಮೇಲೆ ಬಾಯಿ ಒಣಗುವುದು, ಪಾಪೆ ಹಿಗ್ಗುವುದು, ನಾಡಿ ಜೋರಾಗುವುದು ಸಹಜ. ಮೆಲುಕು ನಿಂತು ಹೊಟ್ಟೆ ಉಬ್ಬರಿಸಬಹುದು. ಎಡ ಪಕ್ಕೆಯ ಮೇಲೆ ಕಣ್ಣಿಡಿ, ಉಬ್ಬಿದರೆ ಕೂಡಲೇ ವೈದ್ಯರಿಗೆ ತಿಳಿಸಿ. ಅಂಥ ರಾಸಿನ ಹಾಲನ್ನು ವೈದ್ಯರು ಹೇಳುವವರೆಗೆ ಸಂಘಕ್ಕೆ ಹಾಕಬಾರದು, ಮನೆಯಲ್ಲಿಯೂ ಬಳಸಬಾರದು, ಕರುವಿಗೂ ಬಿಡಬಾರದು.